ತಲೆಯ ಮೇಲೆ ಹಾದುಹೋದ ತಂತಿ

1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ನಡುವೆ 147 ಕಿಲೋಮೀಟರ್ ತಂತಿ. ಅಷ್ಟು ಉದ್ದದ ವಿದ್ಯುತ್ ಲೈನ್ ಆಗ ಜಗತ್ತಿನಲ್ಲೇ ಅಪರೂಪ. ನ್ಯೂಯಾರ್ಕಿನಲ್ಲಿ ಎಡಿಸನ್ ವಿದ್ಯುತ್ ಕೇಂದ್ರ ಶುರು ಮಾಡಿದ್ದು 1882ರಲ್ಲಿ. ಇಪ್ಪತ್ತೇ ವರ್ಷದಲ್ಲಿ ಆ ವಿದ್ಯೆ ಸಮುದ್ರ ದಾಟಿ ಕಾವೇರಿ ದಡಕ್ಕೆ ಬಂದಿತ್ತು. ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನವು. ಅವನ್ನು ಜಲಪಾತದ ತನಕ ಎಳೆದು ತಂದದ್ದು ಮಾತ್ರ ಆನೆಗಳು ಮತ್ತು ಎತ್ತಿನ ಗಾಡಿಗಳು.

ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳಬೇಕಾದದ್ದೇ. ಆದರೆ ಈ ಕಥೆ ಕೇಳಿದಾಗಲೆಲ್ಲ ನನಗೆ ಆ ತಂತಿಯ ಕೆಳಗಿದ್ದ ಹಳ್ಳಿಗಳು ನೆನಪಾಗುತ್ತವೆ. ತಂತಿ ಅವರ ಹೊಲದ ಮೇಲೆ, ಅವರ ತಲೆಯ ಮೇಲೆ ಹಾದು ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೂ ವಿದ್ಯುತ್ ದೀಪ ಬಂತು. ಕೆಳಗಿನ ಹಳ್ಳಿಗಳಲ್ಲಿ ಮುಸ್ಸಂಜೆಗೆ ಅದೇ ಹರಳೆಣ್ಣೆ ಹಣತೆ, ಅನುಕೂಲ ಇದ್ದವರ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿ. ಬೆಳಗಿನ ಜಾವ ಬೀಸುಕಲ್ಲಿನ ಸದ್ದು. ಎಷ್ಟೋ ಊರುಗಳಲ್ಲಿ ಕರೆಂಟು ಕಾಣಲು ಇನ್ನೂ ಹಲವು ದಶಕ ಬೇಕಾಯಿತು.

ಮಳೆ ಬಂದರೆ ಸಾಲದು, ಹದ ಆಗಬೇಕು ಅಂತ ರೈತರು ಹೇಳುತ್ತಾರೆ. ನಾಲ್ಕು ಹನಿ ಬಿದ್ದು ಮೇಲುಮಣ್ಣು ನೆನೆದರೆ ಬಿತ್ತನೆ ಆಗುವುದಿಲ್ಲ. ನೀರು ಒಳಗೆ ಇಳಿಯಬೇಕು. ಯಾವ ದೇಶ ಬಡದು, ಯಾವುದು ಸಿರಿವಂತ ಅನ್ನುವ ಪ್ರಶ್ನೆಗೂ ಇದೇ ಮಾತು ಹೊಂದುತ್ತದೆ ಎಂದು ನನಗೆ ಅನಿಸಿದೆ. ಭೂಗೋಳ ಒಂದು ದೇಶಕ್ಕೆ ತಂತ್ರಜ್ಞಾನ ಎಷ್ಟು ಬೇಗ, ಎಷ್ಟು ಬೆಲೆಗೆ ಬರಬೇಕು ಅನ್ನುವುದನ್ನು ಬಹಳ ಮಟ್ಟಿಗೆ ತೀರ್ಮಾನಿಸುತ್ತದೆ. ಬಂದದ್ದು ಎಷ್ಟು ಆಳಕ್ಕೆ ಇಳಿಯಿತು ಅನ್ನುವುದು ಬೇರೆ ಪ್ರಶ್ನೆ. ಅಂತರ ಬೆಳೆಯುವುದು ಹೆಚ್ಚಾಗಿ ಈ ಎರಡನೆಯ ಕಡೆಯಲ್ಲಿ.

ಮೊದಲು ಅಂತರ ಎಷ್ಟು ದೊಡ್ಡದು ನೋಡೋಣ. ಸ್ವಿಟ್ಜರ್ಲೆಂಡ್ ಮತ್ತು ಬುರುಂಡಿ, ಎರಡೂ ಚಿಕ್ಕ ದೇಶಗಳು. ಎರಡೂ ಬೆಟ್ಟಗುಡ್ಡದ ನಾಡು. ಎರಡಕ್ಕೂ ಸಮುದ್ರವಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ತಲಾ ವಾರ್ಷಿಕ ಉತ್ಪನ್ನ 1 ಲಕ್ಷ ಡಾಲರ್‌ನ ಆಸುಪಾಸಿನಲ್ಲಿದೆ. ಪೂರ್ವ ಆಫ್ರಿಕಾದ ಬುರುಂಡಿಯಲ್ಲಿ ಅದು 300 ಡಾಲರ್ ಕೂಡ ಮುಟ್ಟುವುದಿಲ್ಲ. ಬುರುಂಡಿಯಲ್ಲಿ ಬದುಕು ಅಗ್ಗ ಅಂತ ಲೆಕ್ಕ ಸರಿಮಾಡಿದರೂ ಅಂತರ ನೂರು ಪಟ್ಟಿನ ಹತ್ತಿರ ನಿಲ್ಲುತ್ತದೆ. ಮನೆಯಲ್ಲಿ ಕರೆಂಟು ಇರುವವರು ಅಲ್ಲಿ ಹತ್ತರಲ್ಲಿ ಒಬ್ಬರು ಅನ್ನಬಹುದು.

ಈ ಕಂದಕ ಹಳೆಯದಲ್ಲ. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್ ಅವರ ಅಂದಾಜಿನಂತೆ 1820ರ ಸುಮಾರಿಗೆ ಪಶ್ಚಿಮ ಯುರೋಪಿನ ಸರಾಸರಿ ಆದಾಯ ಆಫ್ರಿಕಾದ್ದಕ್ಕಿಂತ ಹೆಚ್ಚುಕಡಿಮೆ 3 ಪಟ್ಟು ಇತ್ತು. 1998ರ ಹೊತ್ತಿಗೆ ಅದು 13 ಪಟ್ಟು ಆಯಿತು. ನಡುವೆ ಹಬೆಯಂತ್ರ, ರೈಲು, ಕರೆಂಟು, ರಸಗೊಬ್ಬರ ಎಲ್ಲ ಬಂದವು. ಬೆಟ್ಟ, ನದಿ, ಸಮುದ್ರ ಮಾತ್ರ ಇದ್ದಲ್ಲೇ ಇದ್ದವು. ಹಾಗಾದರೆ ಭೂಗೋಳಕ್ಕೆ ಇದರಲ್ಲಿ ಪಾಲೇ ಇಲ್ಲವೇ? ಇದೆ. ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಹಳೆಯ ಬೆಟ್ಟ, ಹಳೆಯ ದೂರಗಳಿಗೆ ಹೊಸ ಬೆಲೆ ಕಟ್ಟುತ್ತದೆ.

ಮೊಂಬಾಸಾದಿಂದ ಕಿಗಾಲಿಗೆ

ಇದನ್ನು ಒಂದು ಲಾರಿಯ ಜೊತೆ ಹೋಗಿ ನೋಡೋಣ. ರುವಾಂಡಾದ ಒಬ್ಬ ವ್ಯಾಪಾರಿ ಚೀನಾದಿಂದ ಹಿಟ್ಟಿನ ಗಿರಣಿ ಯಂತ್ರಗಳನ್ನು ತರಿಸುತ್ತಾನೆ ಅಂದುಕೊಳ್ಳಿ. ಹಡಗು ಕೆನ್ಯಾದ ಮೊಂಬಾಸಾ ಬಂದರಿಗೆ ಬರುತ್ತದೆ. ಅಲ್ಲಿಂದ ಕಂಟೇನರ್ ಲಾರಿ ಏರುತ್ತದೆ. ನೈರೋಬಿ ದಾಟಿ, ಮಲಾಬಾ ಎಂಬಲ್ಲಿ ಕೆನ್ಯಾದ ಗಡಿ ಮುಗಿದು ಉಗಾಂಡಾ ಶುರು. ಕಂಪಾಲಾ ದಾಟಿ ಗಟುನಾದಲ್ಲಿ ಇನ್ನೊಂದು ಗಡಿ. ಆಮೇಲೆ ಬೆಟ್ಟದ ದಾರಿ ಹತ್ತಿಳಿದು ಕಿಗಾಲಿ. ಒಟ್ಟು 1,600 ಕಿಲೋಮೀಟರಿಗೂ ಜಾಸ್ತಿ. ನಮ್ಮ ಲೆಕ್ಕದಲ್ಲಿ ಬೆಂಗಳೂರಿನಿಂದ ಅಹಮದಾಬಾದ್ ತಲುಪಿ ಇನ್ನೂ ಸ್ವಲ್ಪ ಮುಂದೆ ಹೋದ ಹಾಗೆ. ಆದರೆ ನಡುವೆ ಮೂರು ದೇಶ, ಎರಡು ಗಡಿ, ಎರಡು ಬಾರಿ ಕಾಗದಪತ್ರ, ಎರಡು ಬಾರಿ ಕಾಯುವ ಸಾಲು.

ವಿಶ್ವಬ್ಯಾಂಕಿನ ಸಂಶೋಧಕರು ಒಮ್ಮೆ ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಬೇರೆ ಬೇರೆ ದೇಶಗಳಿಗೆ ಒಂದು ಕಂಟೇನರ್ ಕಳಿಸಲು ಎಷ್ಟು ಖರ್ಚು ಅಂತ ಲೆಕ್ಕ ಹಾಕಿದ್ದರು. ಸಮುದ್ರದಲ್ಲಿ 1,000 ಕಿಲೋಮೀಟರ್ ದೂರ ಹೆಚ್ಚಾದರೆ ಖರ್ಚು ಏರುವುದು 190 ಡಾಲರ್. ಅದೇ 1,000 ಕಿಲೋಮೀಟರ್ ನೆಲದ ಮೇಲೆ ಹೆಚ್ಚಾದರೆ 1,380 ಡಾಲರ್. ಏಳು ಪಟ್ಟಿಗೂ ಹೆಚ್ಚು. ಅಂದರೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯುವ ದೂರ ಬೇರೆ, ಜೇಬಿಗೆ ತಟ್ಟುವ ದೂರ ಬೇರೆ. ಶಾಂಘೈಯಿಂದ ಮೊಂಬಾಸಾಕ್ಕೆ ಇಡೀ ಹಿಂದೂ ಮಹಾಸಾಗರ ದಾಟುವುದಕ್ಕಿಂತ, ಮೊಂಬಾಸಾದಿಂದ ಕಿಗಾಲಿಗೆ ಹೋಗುವುದು ಆ ವ್ಯಾಪಾರಿಗೆ ದೊಡ್ಡ ತಲೆನೋವು.

ಈಗ ಆ ಗಿರಣಿಯ ಬೆಲೆ ಎಲ್ಲಿಗೆ ಹೋಯಿತು ಯೋಚಿಸಿ. ಮೊಂಬಾಸಾದ ಅಂಗಡಿಯಲ್ಲಿ ಒಂದು ಬೆಲೆ, ಕಿಗಾಲಿಯಲ್ಲಿ ಇನ್ನೊಂದು. ಗೊಬ್ಬರ, ಸಿಮೆಂಟು, ಡೀಸೆಲ್, ಸೋಲಾರ್ ಪ್ಯಾನೆಲ್, ಎಲ್ಲದಕ್ಕೂ ಇದೇ ಹಣೆಬರಹ. ರುವಾಂಡಾದ ರೈತ ಬೆಳೆದ ಕಾಫಿ ಇದೇ ದಾರಿಯಲ್ಲಿ ವಾಪಸ್ ಇಳಿಯಬೇಕು. ಕೊಳ್ಳುವಾಗ ಬಾಡಿಗೆ ಅವನ ತಲೆಗೆ, ಮಾರುವಾಗಲೂ ಅವನ ತಲೆಗೆ. ಜಗತ್ತಿನ ಮಾರುಕಟ್ಟೆ ಅವನ ಕಾಫಿಗೆ ದರ ಕಟ್ಟುವಾಗ ಅವನೂರು ಎಷ್ಟು ದೂರ ಅಂತ ಕೇಳುವುದಿಲ್ಲ. ಜಗತ್ತಿನಲ್ಲಿ ಸಮುದ್ರವಿಲ್ಲದ ದೇಶಗಳು 44. ಅದರಲ್ಲಿ 32 ಇನ್ನೂ ಹಿಂದುಳಿದ ಸಾಲಿನಲ್ಲೇ ಇವೆ.

ದೂರದ ಜೊತೆಗೆ ನೆರೆಮನೆಯವರ ಮರ್ಜಿ ಬೇರೆ. 2019ರ ಫೆಬ್ರವರಿಯಲ್ಲಿ ರುವಾಂಡಾ ಮತ್ತು ಉಗಾಂಡಾ ಸಂಬಂಧ ಕೆಟ್ಟಿದ್ದ ಸಮಯದಲ್ಲಿ ಆ ಗಟುನಾ ಗಡಿ ಮುಚ್ಚಿತು. ಮತ್ತೆ ತೆರೆದದ್ದು 2022ರ ಜನವರಿ ಕೊನೆಗೆ. ಸುಮಾರು ಮೂರು ವರ್ಷ! ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ ಹಾಸನ, ಮಂಗಳೂರಿನ ವ್ಯಾಪಾರಿಗಳು ಎಷ್ಟು ಒದ್ದಾಡುತ್ತಾರೆ ಅಂತ ನಮಗೆ ಗೊತ್ತು. ನಮಗಾದರೆ ಚಾರ್ಮಾಡಿಯೋ ಸಂಪಾಜೆಯೋ ಇದೆ, ಎಲ್ಲವೂ ನಮ್ಮದೇ ರಾಜ್ಯದ ರಸ್ತೆ. ಬೇರೆ ದೇಶದ ಗೇಟು ಮುಚ್ಚಿದರೆ ಯಾರನ್ನು ಕೇಳುವುದು?

ಸ್ವಿಟ್ಜರ್ಲೆಂಡಿಗೂ ಸಮುದ್ರವಿಲ್ಲ ಅಲ್ವಾ, ಅದು ಹೇಗೆ ಗೆದ್ದಿತು? ಅದರ ಬಾಸೆಲ್ ನಗರದ ಪಕ್ಕದಲ್ಲೇ ರೈನ್ ನದಿ ಹರಿಯುತ್ತದೆ. ಸರಕಿನ ದೋಣಿ ನೇರವಾಗಿ ನೆದರ್ಲೆಂಡಿನ ರಾಟರ್‌ಡ್ಯಾಮ್ ಬಂದರಿಗೆ ಹೋಗುತ್ತದೆ. ಆ ನದಿಯಲ್ಲಿ ಯಾರೂ ಯಾರನ್ನೂ ತಡೆಯಬಾರದು, ಸುಂಕ ಹಾಕಬಾರದು ಅಂತ ನದಿತೀರದ ದೇಶಗಳು 1868ರಲ್ಲೇ ಮ್ಯಾನ್‌ಹೈಮ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಸ್ವಿಸ್ ಗಡಿಯಾರ ಮತ್ತು ಯಂತ್ರಗಳನ್ನು ಕೊಳ್ಳುವ ಜರ್ಮನಿ, ಫ್ರಾನ್ಸ್, ಇಟಲಿ ಪಕ್ಕದಲ್ಲೇ ಕೂತಿವೆ. ಬುರುಂಡಿಯ ನೆರೆಹೊರೆ ಅದರಷ್ಟೇ ಅಥವಾ ಸ್ವಲ್ಪ ಕಡಿಮೆ ಬಡವರು. ಸಂತೆ ಪಕ್ಕದಲ್ಲಿ ಮನೆ ಇರುವವನಿಗೂ ಕಾಡಿನ ನಡುವೆ ಇರುವವನಿಗೂ ಇರುವ ವ್ಯತ್ಯಾಸ ಅದು.

ತಂತ್ರಜ್ಞಾನ ಈ ವ್ಯತ್ಯಾಸವನ್ನು ಅಳಿಸುತ್ತದೆ ಅಂತ ನಾವು ಸುಮ್ನೆ ನಂಬಿಬಿಡುತ್ತೇವೆ. ಎಷ್ಟೋ ಸಲ ಅದು ಹೆಚ್ಚೂ ಮಾಡುತ್ತದೆ. 1956ರ ಏಪ್ರಿಲ್ 26ರಂದು ಅಮೆರಿಕದ ನೂವಾರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆ ಹೊತ್ತು ಹೊರಟಿತು. ಕಂಟೇನರ್ ಯುಗ ಶುರುವಾದದ್ದು ಅಲ್ಲಿಂದ. ಅದಕ್ಕೂ ಮೊದಲು ಹಮಾಲರು ಒಂದೊಂದೇ ಮೂಟೆ ಹೊತ್ತು ಹಡಗು ತುಂಬಿಸಲು ಟನ್ನಿಗೆ 5.83 ಡಾಲರ್ ಖರ್ಚಾಗುತ್ತಿತ್ತು. ಕಂಟೇನರಿನಲ್ಲಿ ಅದು 16 ಸೆಂಟಿಗೆ ಇಳಿಯಿತು. ಸಿಂಗಾಪುರ, ಹಾಂಗ್‌ಕಾಂಗ್, ದಕ್ಷಿಣ ಕೊರಿಯಾದ ಬುಸಾನ್ ಇದರಿಂದ ಬದಲಾಗಿಯೇ ಹೋದವು. ಆದರೆ ಅಗ್ಗವಾದದ್ದು ಸಮುದ್ರದ ದಾರಿ. ಮಲಾಬಾ ಗಡಿಯ ಲಾರಿ ಸಾಲಿಗೆ ಅದರಿಂದ ಏನು ಬಂತು? ಸಮುದ್ರದ ಪಕ್ಕದವರು ಓಡಿದರು, ಒಳನಾಡಿನವರು ನಡೆದೇ ಹೋದರು.

ಎತ್ತು ಸಾಯುವ ನಾಡು

ಭೂಗೋಳ ಅಂದರೆ ಬರೀ ದೂರ ಅಲ್ಲ. ಗಾಳಿ, ಮಣ್ಣು, ಹುಳ, ನೊಣ ಎಲ್ಲ ಸೇರುತ್ತವೆ. ಆಫ್ರಿಕಾದ ನಡುಭಾಗದ ದೊಡ್ಡ ಪ್ರದೇಶದಲ್ಲಿ ಸೆಟ್ಸೆ ಎಂಬ ನೊಣವಿದೆ. ಅದು ಕಚ್ಚಿದರೆ ದನಗಳಿಗೆ ನಾಗಾನ ಎಂಬ ರೋಗ ಬರುತ್ತದೆ. ದನ ಸೊರಗಿ ಸೊರಗಿ ಸಾಯುತ್ತದೆ.

ನಮ್ಮ ಹಳ್ಳಿಯ ಬದುಕಿನಿಂದ ದನವನ್ನು ತೆಗೆದು ನೋಡಿ. ನೇಗಿಲು ಎಳೆಯಲು ಎತ್ತಿಲ್ಲ. ಆದ್ದರಿಂದ ಎಷ್ಟು ನೆಲ ಕೈಯಿಂದ ಅಗೆಯಲು ಸಾಧ್ಯವೋ ಅಷ್ಟೇ ಬೇಸಾಯ. ಗಾಡಿಯಿಲ್ಲ, ಬೆಳೆದದ್ದನ್ನು ತಲೆಯ ಮೇಲೆ ಹೊತ್ತೇ ಸಂತೆಗೆ ಹೋಗಬೇಕು. ಸಗಣಿ ಗೊಬ್ಬರವಿಲ್ಲ, ಹಾಲಿಲ್ಲ. ಕಪಿಲೆ ಬಾವಿಯಿಂದ ನೀರೆತ್ತುವಂತಿಲ್ಲ. ಚಕ್ರ, ನೇಗಿಲು ಅನ್ನುವ ತಂತ್ರಜ್ಞಾನ ಅಂಥ ಊರಿಗೆ ಹೋದರೂ ಏನು ಪ್ರಯೋಜನ? ಎಳೆಯುವ ಪ್ರಾಣಿ ಬೇಕಲ್ಲ. ಆಫ್ರಿಕಾದ ಜನ ಚಕ್ರ ಬಳಸಲಿಲ್ಲ ಅಂತ ಹೀಗಳೆದು ಬರೆದವರು ಎಷ್ಟೋ ಮಂದಿ. ಅವರಲ್ಲಿ ಯಾರೂ ಈ ನೊಣದ ಕಡೆ ನೋಡಲಿಲ್ಲ ಅನ್ನುವುದು ನನಗೆ ಸಿಟ್ಟು ತರಿಸುತ್ತದೆ.

ನೊಣ ಗೆಲ್ಲಲಾಗದ ಶತ್ರುವೇನೂ ಅಲ್ಲ. ಟಾಂಜಾನಿಯಾದ ಜಂಜಿಬಾರ್‌ನಲ್ಲಿ ಗಂಡು ನೊಣಗಳಿಗೆ ವಿಕಿರಣ ಹಾಯಿಸಿ ಬಂಜೆ ಮಾಡಿ, ರಾಶಿ ರಾಶಿಯಾಗಿ ಸಾಕಿ ಕಾಡಿಗೆ ಬಿಟ್ಟರು. ಅವುಗಳ ಜೊತೆ ಕೂಡಿದ ಹೆಣ್ಣು ನೊಣಗಳಿಗೆ ಮರಿ ಆಗಲಿಲ್ಲ. 1997ರ ಹೊತ್ತಿಗೆ ಅಲ್ಲಿನ ಉಂಗುಜಾ ದ್ವೀಪದಲ್ಲಿ ಸೆಟ್ಸೆ ಇಲ್ಲವಾಯಿತು. ಸುತ್ತ ಸಮುದ್ರ ಇದ್ದದ್ದರಿಂದ ಹೊಸ ನೊಣ ಹಾರಿ ಬರಲಿಲ್ಲ. ಇಡೀ ಖಂಡದಲ್ಲಿ ಇದನ್ನೇ ಮಾಡುವುದು ಅಷ್ಟು ಸುಲಭವಲ್ಲ.

ಬೀಜದ ಕಥೆ ಇನ್ನೂ ಸ್ವಾರಸ್ಯ. ಕಾರು, ರೇಡಿಯೋ ಎಲ್ಲಿಗೆ ಒಯ್ದರೂ ಕೆಲಸ ಮಾಡುತ್ತವೆ. ಬೀಜ ಹಾಗಲ್ಲ. ಜಪಾನಿನ ನೋರಿನ್ 10 ಎಂಬ ಗಿಡ್ಡ ಗೋಧಿ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಮೆಕ್ಸಿಕೋದಲ್ಲಿ ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರ ಕೈ ಸೇರಿತು. ಅವರು ಬೆಳೆಸಿದ ತಳಿಯ 18,000 ಟನ್ ಬೀಜವನ್ನು ಭಾರತ 1966ರಲ್ಲಿ ತರಿಸಿತು. 1965ರಲ್ಲಿ 1.2 ಕೋಟಿ ಟನ್ ಇದ್ದ ನಮ್ಮ ಗೋಧಿ 1970ಕ್ಕೆ 2 ಕೋಟಿ ಟನ್ ಆಯಿತು. ಯಾಕೆ ಅಷ್ಟು ಬೇಗ? ಪಂಜಾಬಿನಲ್ಲಿ ಕಾಲುವೆ ಇತ್ತು, ಸಮತಟ್ಟು ನೆಲ ಇತ್ತು, ಅಲ್ಲಿನ ಜನ ಮೊದಲೇ ಗೋಧಿ ಬೆಳೆಯುತ್ತಿದ್ದರು. ಬೀಜಕ್ಕೆ ತವರಿನಂಥ ಜಾಗವೇ ಸಿಕ್ಕಿತು.

ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಉಣ್ಣುವುದು ಮರಗೆಣಸು, ಜೋಳ, ಸಜ್ಜೆ, ರಾಗಿ, ಹಲವು ಬಗೆಯ ಗೆಡ್ಡೆ. ಈ ಕಣಿವೆಯಲ್ಲಿ ಬೆಳೆದದ್ದು ಆಚೆ ಕಣಿವೆಯಲ್ಲಿ ಬೆಳೆಯದು. ನೀರಾವರಿ ಇರುವುದು ನೂರು ಎಕರೆಗೆ ಸುಮಾರು ಐದು ಎಕರೆಯಲ್ಲಿ. ಸಿರಿವಂತ ದೇಶಗಳ ಪ್ರಯೋಗಾಲಯಗಳು ಗೋಧಿ, ಭತ್ತ, ಮುಸುಕಿನ ಜೋಳದ ಮೇಲೆ ಸುರಿದ ಹಣದಲ್ಲಿ ಮರಗೆಣಸಿಗೆ, ರಾಗಿಗೆ ಎಷ್ಟು ಸಿಕ್ಕೀತು? ಸಂಶೋಧನೆ ಮಾಡುವವರ ಊಟದ ತಟ್ಟೆಯಲ್ಲಿ ಆ ಬೆಳೆ ಇರಲಿಲ್ಲ.

ನಮ್ಮ ರಾಗಿ ಇದಕ್ಕೆ ಒಳ್ಳೆಯ ಸಾಕ್ಷಿ. ರಾಗಿಯ ತವರು ಇಥಿಯೋಪಿಯಾ, ಉಗಾಂಡಾದ ಕಡೆಯ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ಅದು ನಮ್ಮಲ್ಲಿಗೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ಒಬ್ಬ ವಿಜ್ಞಾನಿ ಅದನ್ನೇ ಜೀವನವಾಗಿ ಹಚ್ಚಿಕೊಂಡರು. ಅವರೇ ರಾಗಿ ಲಕ್ಷ್ಮಣಯ್ಯ. ರಾಗಿಯ ಹೂವು ತೀರಾ ಚಿಕ್ಕದು, ಅದು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹಾಗಾಗಿ ಎರಡು ತಳಿ ಕೂಡಿಸುವುದು ಬಹಳ ಕಷ್ಟ. ಅವರು ಪಟ್ಟು ಬಿಡದೆ ಇಲ್ಲಿನ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿದರು. ಹುಟ್ಟಿದ ತಳಿಗಳಿಗೆ ಇಂಡಾಫ್ ಅಂತ ಹೆಸರಾಯಿತು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಹಳೆ ಮೈಸೂರು ಸೀಮೆಯ ಒಣಹೊಲಗಳಲ್ಲಿ ಇಳುವರಿ ಏರಿತು. ಹೊರಗಿನಿಂದ ಬಂದ ವಿದ್ಯೆಯನ್ನು ಈ ಮಣ್ಣಿಗೆ, ಈ ಮುದ್ದೆಗೆ ಹೊಂದಿಸುವ ಒಬ್ಬ ಮನುಷ್ಯ, ಅವನ ಬೆನ್ನಿಗೆ ಒಂದು ಸಂಸ್ಥೆ ಇದ್ದದ್ದರಿಂದ ಇದು ಆಯಿತು. ಪ್ರತಿ ಬೆಳೆಗೂ, ಪ್ರತಿ ಸೀಮೆಗೂ ಇಂಥವರು ಸಿಗುವುದಿಲ್ಲ.

ಹಣೆಬರಹ ಅಲ್ಲ

ಇಷ್ಟು ಕೇಳಿದ ಮೇಲೆ ಎಲ್ಲ ಭೂಗೋಳದ ಕೈಯಲ್ಲೇ ಇದೆ ಅನಿಸಬಹುದು. ಅರ್ಥಶಾಸ್ತ್ರಜ್ಞರಲ್ಲೇ ಇದರ ಬಗ್ಗೆ ದೊಡ್ಡ ಜಗಳವಿದೆ. ಹವೆ, ರೋಗ, ಸಮುದ್ರದ ದೂರ ಬಹಳ ಮುಖ್ಯ ಅಂತ ಜೆಫ್ರಿ ಸ್ಯಾಕ್ಸ್ ವಾದಿಸುತ್ತಾರೆ. ಅದಕ್ಕಿಂತ ಆಳುವ ರೀತಿ, ಕಾನೂನು, ಆಸ್ತಿಯ ಹಕ್ಕು ಮುಖ್ಯ ಅಂತ ಡರೋನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಹೇಳುತ್ತಾರೆ. ಅವರಿಗೆ 2024ರಲ್ಲಿ ನೊಬೆಲ್ ಬಂತು.

ಕೊರಿಯಾ ನೋಡಿದರೆ ಈ ಮೂವರ ಮಾತು ತಳ್ಳಿಹಾಕಲು ಆಗುವುದಿಲ್ಲ. ಒಂದೇ ಭಾಷೆ, ಒಂದೇ ಪರ್ಯಾಯದ್ವೀಪ. ಎರಡನೇ ಮಹಾಯುದ್ಧದ ನಂತರ ಇಬ್ಭಾಗವಾದಾಗ ಜಲವಿದ್ಯುತ್ತು, ದೊಡ್ಡ ಕಾರ್ಖಾನೆ ಬಹುತೇಕ ಉತ್ತರದ ಪಾಲಿಗೆ ಹೋದವು. ದಕ್ಷಿಣ ಕರೆಂಟಿಗೆ ಉತ್ತರದ ಕೈಕಾಯುತ್ತಿತ್ತು. 1948ರ ಮೇ 14ರಂದು ಉತ್ತರ ಆ ಲೈನ್ ಕಡಿದುಹಾಕಿತು. ದಕ್ಷಿಣ ಕತ್ತಲಾಯಿತು. ಇವತ್ತು ರಾತ್ರಿ ಹೊತ್ತು ಉಪಗ್ರಹದಿಂದ ತೆಗೆದ ಚಿತ್ರ ನೋಡಿ. ದಕ್ಷಿಣ ಝಗಝಗ ಹೊಳೆಯುತ್ತದೆ, ಉತ್ತರ ಸಮುದ್ರದಷ್ಟೇ ಕಪ್ಪು. ಇದಕ್ಕೆ ಯಾವ ಬೆಟ್ಟ ಕಾರಣ?

ಬೋಟ್ಸ್ವಾನಾ ಕೂಡ ಸಮುದ್ರವಿಲ್ಲದ ಮರುಭೂಮಿ ದೇಶ. 1966ರಲ್ಲಿ ಸ್ವತಂತ್ರವಾದಾಗ ಕಡುಬಡತನ. ಮರುವರ್ಷ ವಜ್ರ ಸಿಕ್ಕಿತು. ಅದನ್ನು ದೋಚಲು ಬಿಡದೆ ರಸ್ತೆ, ಶಾಲೆಗೆ ಹಾಕಿದರು. ಇವತ್ತು ಅದು ಮಧ್ಯಮ ಆದಾಯದ ದೇಶಗಳ ಮೇಲಿನ ಸಾಲಿನಲ್ಲಿದೆ. ನನಗೆ ಅನಿಸುವುದು ಇಷ್ಟು: ಭೂಗೋಳ ಒಂದು ದೇಶದ ಮೇಲೆ ಹಾಕುವ ತೆರಿಗೆ ಇದ್ದಂತೆ. ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಕಟ್ಟಿಯೂ ಮುಂದೆ ಬಂದವರಿದ್ದಾರೆ. ಆದರೆ ತೆರಿಗೆಯೇ ಇಲ್ಲ ಅಂತ ಹೇಳುವುದು ಬುರುಂಡಿಯ ರೈತನಿಗೆ ಮಾಡುವ ಅನ್ಯಾಯ.

ಬಂತು, ಆದರೆ ಇಳಿಯಿತೇ?

ಅರ್ಥಶಾಸ್ತ್ರಜ್ಞರಾದ ಡಿಯೆಗೊ ಕೊಮಿನ್ ಮತ್ತು ಬಾರ್ಟ್ ಹೊಬೈನ್ 166 ದೇಶಗಳಲ್ಲಿ 15 ತಂತ್ರಜ್ಞಾನಗಳು ಯಾವಾಗ ಬಂದವು ಅಂತ ಲೆಕ್ಕ ಹಾಕಿದರು. ಕಂಡುಹಿಡಿದ ಮೇಲೆ ಒಂದು ದೇಶ ಅದನ್ನು ಬಳಸಲು ಶುರು ಮಾಡಲು ಸರಾಸರಿ 45 ವರ್ಷ ಹಿಡಿದಿತ್ತು. ಮುಂದೆ ಕೊಮಿನ್ ಇನ್ನೊಬ್ಬರ ಜೊತೆ ಮಾಡಿದ ಅಧ್ಯಯನದಲ್ಲಿ ಒಂದು ಬೇರೆಯೇ ಸಂಗತಿ ಕಂಡಿತು. ತಂತ್ರಜ್ಞಾನ ಬರುವ ಕಾಲ ಇತ್ತೀಚೆಗೆ ಬಹಳ ಕಡಿಮೆಯಾಗುತ್ತಾ ಬಂದಿದೆ. ಹಬೆ ಹಡಗಿನಂಥವು ಬಡ ದೇಶ ಮುಟ್ಟಲು ನೂರು ವರ್ಷದ ಮೇಲೆ ಬೇಕಿತ್ತು, ಇಂಟರ್ನೆಟ್ ಕೆಲವೇ ವರ್ಷದಲ್ಲಿ ಬಂತು. ಆದರೆ ಬಂದ ಮೇಲೆ ಎಷ್ಟು ಜನ, ಎಷ್ಟು ಕೆಲಸಕ್ಕೆ ಬಳಸುತ್ತಾರೆ ಅನ್ನುವುದರಲ್ಲಿ ಸಿರಿವಂತ ಮತ್ತು ಬಡ ದೇಶಗಳ ನಡುವೆ ಬಿರುಕು ಹೆಚ್ಚಾಗಿದೆ. ಮಳೆ ಎಲ್ಲ ಕಡೆ ಬಂತು. ಹದ ಎಲ್ಲ ಕಡೆ ಆಗಲಿಲ್ಲ.

ರೈಲನ್ನೇ ತೆಗೆದುಕೊಳ್ಳಿ. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಬೊಂಬಾಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಜಪಾನಿನಲ್ಲಿ ಮೊದಲ ರೈಲು ಬಂದದ್ದು 1872ರಲ್ಲಿ, ನಮಗಿಂತ 19 ವರ್ಷ ತಡವಾಗಿ. ಆದರೆ ಜಪಾನ್ ಬ್ರಿಟಿಷ್ ಎಂಜಿನಿಯರುಗಳಿಗೆ ಸಂಬಳ ಕೊಟ್ಟು ಕರೆಸಿತು, ಅವರಿಂದ ಕಲಿತು ಮನೆಗೆ ಕಳಿಸಿತು. 1893ರಲ್ಲಿ ಕೋಬೆಯಲ್ಲಿ ತನ್ನದೇ ಎಂಜಿನ್ ಕಟ್ಟಿತು. ಇಪ್ಪತ್ತು ವರ್ಷದಲ್ಲಿ ಹೊರಗಿನ ಎಂಜಿನ್ನಿನ ಹಂಗು ಬಹುಮಟ್ಟಿಗೆ ತೀರಿತು.

ನಮ್ಮವರಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಅಜ್ಮೀರದ ಕಾರ್ಖಾನೆ 1895ರಲ್ಲೇ ಒಂದು ಎಂಜಿನ್ ಕಟ್ಟಿತ್ತು. ಆದರೆ ಆರ್ಡರ್ ಹೋಗುತ್ತಿದ್ದದ್ದು ಬ್ರಿಟನ್ನಿಗೆ. ಬ್ರಿಟಿಷ್ ಆಳ್ವಿಕೆಯಲ್ಲಿ ನಾವು ಅಲ್ಲಿಂದ ತರಿಸಿಕೊಂಡ ಎಂಜಿನ್ ಸುಮಾರು 12,000. ಇಲ್ಲೇ ಕಟ್ಟಿದ್ದು ಸುಮಾರು 700. ಹಳಿ ನಮ್ಮ ನೆಲದ ಮೇಲೆ, ವಿದ್ಯೆ ಅವರ ಕೈಯಲ್ಲಿ. ಚಿತ್ತರಂಜನ್ ಕಾರ್ಖಾನೆಯಿಂದ ಎಂಜಿನ್ ಹೊರಬರಲು 1950 ಆಗಬೇಕಾಯಿತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿಬಂದರು. ಮುಂದೆ ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಾಗಿ, ತಾಂತ್ರಿಕ ಶಿಕ್ಷಣಕ್ಕಾಗಿ ಅಷ್ಟು ಹಟ ಹಿಡಿದದ್ದು ಯಾಕೆ ಅಂತ ಜಪಾನಿನ ಈ ಕಥೆ ಓದಿದರೆ ಗೊತ್ತಾಗುತ್ತದೆ.

ವಿದ್ಯೆ ಯಂತ್ರದ ಜೊತೆ ಬರುವುದಿಲ್ಲ, ಮನುಷ್ಯರ ಜೊತೆ ಬರುತ್ತದೆ. ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಕಂಪನಿ 1979ರಲ್ಲಿ 130 ಕೆಲಸಗಾರರನ್ನು ದಕ್ಷಿಣ ಕೊರಿಯಾದ ಬುಸಾನ್‌ಗೆ, ಡೇವೂ ಕಂಪನಿಯ ಕಾರ್ಖಾನೆಗೆ ತರಬೇತಿಗೆ ಕಳಿಸಿತು. ಹೊಲಿಗೆ ಯಂತ್ರ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಸಾಲಿನಲ್ಲಿ ಯಾರು ಕಾಲರ್, ಯಾರು ತೋಳು ಹೊಲಿಯಬೇಕು, ತಪ್ಪು ಎಲ್ಲಿ ಹಿಡಿಯಬೇಕು, ಹಡಗಿನ ದಿನಕ್ಕೆ ಸರಿಯಾಗಿ ಹೇಗೆ ಮುಗಿಸಬೇಕು, ಇದನ್ನು ಕಲಿತು ಬಂದರು. ಮುಂದಿನ ವರ್ಷಗಳಲ್ಲಿ ಆ 130ರಲ್ಲಿ 115 ಮಂದಿ ದೇಶ್ ಬಿಟ್ಟರು. ಹಲವರು ಸ್ವಂತ ಕಾರ್ಖಾನೆ ಹಾಕಿದರು, ಉಳಿದವರು ಬೇರೆ ಕಡೆ ಸೇರಿ ಕಲಿಸಿದರು. ಕಂಪನಿಗೆ ನಷ್ಟ, ದೇಶಕ್ಕೆ ಭಾಗ್ಯ. ಇವತ್ತು ಸಿದ್ಧ ಉಡುಪು ರಫ್ತಿನಲ್ಲಿ ಬಾಂಗ್ಲಾದೇಶ ಜಗತ್ತಿನ ಮೊದಲ ಸಾಲಿನಲ್ಲಿದೆ. ಚಿತ್ತಗಾಂಗ್ ಬಂದರು ಇಲ್ಲದಿದ್ದರೆ ಇದು ಆಗುತ್ತಿತ್ತೇ? ಕಷ್ಟವಿತ್ತು. ಆ 130 ಜನ ಇಲ್ಲದೆ ಬರೀ ಬಂದರಿನಿಂದ ಆಗುತ್ತಿತ್ತೇ? ಅದೂ ಇಲ್ಲ.

ಫೋನು ಮಾಡಿದ್ದು, ಮಾಡಲಾಗದ್ದು

1997ರ ಜನವರಿ 14. ಕೇರಳದ ವಡಕರದ ಕಡಲದಂಡೆ. ಅಂದು ಬಲೆಗೆ ಮೀನು ಚೆನ್ನಾಗಿ ಬಿದ್ದಿತ್ತು. ಆದರೆ ದಂಡೆಯಲ್ಲಿ ಕೊಳ್ಳುವವರು ಉಳಿದಿರಲಿಲ್ಲ. 11 ಮೀನುಗಾರರು ಹಿಡಿದ ಮೀನನ್ನು ವ್ಯರ್ಥ ಮಾಡಬೇಕಾಯಿತು. ಅದೇ ಹೊತ್ತಿಗೆ 15 ಕಿಲೋಮೀಟರ್ ಒಳಗಿದ್ದ ಎರಡು ದಂಡೆಗಳಲ್ಲಿ 27 ವ್ಯಾಪಾರಿಗಳು ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಕಾಸರಗೋಡು, ಕಣ್ಣೂರು, ಕೋಳಿಕ್ಕೋಡು ಜಿಲ್ಲೆಗಳಲ್ಲಿ ಇದನ್ನೆಲ್ಲ ಬರೆದಿಟ್ಟುಕೊಂಡರು. ನಮ್ಮ ಕರಾವಳಿಯವರು ಬೂತಾಯಿ ಅನ್ನುವ ಮೀನೇ ಅಲ್ಲಿನ ಮುಖ್ಯ ಸರಕು.

ಆಮೇಲೆ ಒಂದೊಂದೇ ಜಿಲ್ಲೆಗೆ ಮೊಬೈಲ್ ಬಂತು. ಟವರುಗಳು ದಂಡೆಯ ಹತ್ತಿರ ಇದ್ದದ್ದರಿಂದ ಸಮುದ್ರದಲ್ಲೂ ಸಿಗ್ನಲ್ ಸಿಗುತ್ತಿತ್ತು. ಮೀನುಗಾರರು ದೋಣಿಯಿಂದಲೇ ಫೋನ್ ಮಾಡಿ ಎಲ್ಲಿ ರೇಟು ಚೆನ್ನಾಗಿದೆ ಅಂತ ಕೇಳಿ ಆ ದಂಡೆಗೆ ಹೋದರು. ಮೀನು ಚೆಲ್ಲುವುದು ನಿಂತೇಹೋಯಿತು. ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ. ಇಲ್ಲಿ ತಂತ್ರಜ್ಞಾನ ನಿಜವಾಗಿ ಆಳಕ್ಕೆ ಇಳಿದಿತ್ತು.

ಕೆನ್ಯಾದಲ್ಲಿ 2007ರ ಮಾರ್ಚಿನಲ್ಲಿ ಮೊಬೈಲಿನಲ್ಲೇ ಹಣ ಕಳಿಸುವ ಎಂ-ಪೆಸಾ ಶುರುವಾಯಿತು. ಅದಕ್ಕೂ ಮೊದಲು ನೈರೋಬಿಯಲ್ಲಿ ದುಡಿಯುವ ಮಗ ಊರಿನ ತಾಯಿಗೆ ದುಡ್ಡು ಕಳಿಸಬೇಕಾದರೆ ಬಸ್ಸಿನವರ ಕೈಯಲ್ಲೋ ಪರಿಚಯದವರ ಕೈಯಲ್ಲೋ ಕೊಡಬೇಕಿತ್ತು. ಈಗ ಸಾದಾ ಫೋನಿನಲ್ಲಿ ಒಂದು ಮೆಸೇಜು. ಇದರಿಂದ ಸುಮಾರು 1,94,000 ಕುಟುಂಬಗಳು ಬಡತನದಿಂದ ಮೇಲೆದ್ದವು ಅಂತ ಅರ್ಥಶಾಸ್ತ್ರಜ್ಞರಾದ ತವನೀತ್ ಸೂರಿ, ವಿಲಿಯಂ ಜ್ಯಾಕ್ 2016ರಲ್ಲಿ ತೋರಿಸಿದರು. ಅಷ್ಟು ಮನೆಗಳಲ್ಲಿ ಬಹಳಷ್ಟು ಮಂದಿ ಬ್ಯಾಂಕಿನ ಮೆಟ್ಟಿಲು ಹತ್ತಿದವರೇ ಅಲ್ಲ.

ಇದನ್ನು ನೋಡಿ, ಬಡ ದೇಶಗಳು ಹಳೆಯ ಮೆಟ್ಟಿಲುಗಳನ್ನು ಹತ್ತದೆ ನೇರವಾಗಿ ಮೇಲೆ ಹಾರಬಹುದು ಅಂತ ಅನೇಕರು ಹೇಳಿದರು. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮತ್ತೆ ರುವಾಂಡಾಕ್ಕೆ ಹೋಗೋಣ. 2016ರ ಅಕ್ಟೋಬರಿನಿಂದ ಅಲ್ಲಿ ಜಿಪ್‌ಲೈನ್ ಕಂಪನಿಯ ಡ್ರೋನುಗಳು ದೂರದ ಆಸ್ಪತ್ರೆಗಳಿಗೆ ರಕ್ತ ಒಯ್ಯುತ್ತಿವೆ. ರಸ್ತೆಯಲ್ಲಿ ಗಂಟೆಗಟ್ಟಲೆ ಹಿಡಿಯುವ ಬೆಟ್ಟದ ದಾರಿಯನ್ನು ಡ್ರೋನು ನಿಮಿಷಗಳಲ್ಲಿ ದಾಟುತ್ತದೆ. ಹೆರಿಗೆಯಲ್ಲಿ ರಕ್ತ ಹೋಗುತ್ತಿರುವ ತಾಯಿಯ ಪಾಲಿಗೆ ಆ ನಿಮಿಷಗಳೇ ಜೀವ. ಆದರೆ ಕಾಫಿಯ ಮೂಟೆ ಡ್ರೋನಿನಲ್ಲಿ ಹೋಗುವುದಿಲ್ಲ. ಸಿಮೆಂಟು ಬರುವುದಿಲ್ಲ. ಹಗುರವಾದದ್ದು, ಮಾತು, ಹಣ, ಮಾಹಿತಿ, ಒಂದು ಚೀಲ ರಕ್ತ, ಇವು ಬೆಟ್ಟವನ್ನು ಗೆದ್ದಿವೆ. ಭಾರದ ವಸ್ತುಗಳು ಇನ್ನೂ ಮಲಾಬಾದ ಸಾಲಿನಲ್ಲಿ ನಿಂತಿವೆ. ಫೋನಿನಲ್ಲಿ ರೇಟು ಗೊತ್ತಾದರೂ ಸರಕು ಒಯ್ಯಲು ರಸ್ತೆ ಬೇಕು. ಫೋನ್ ಚಾರ್ಜ್ ಮಾಡಲು ಕರೆಂಟು ಬೇಕು. ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಸುಮಾರು 60 ಕೋಟಿ ಜನರಿಗೆ ಇವತ್ತಿಗೂ ಮನೆಯಲ್ಲಿ ಕರೆಂಟಿಲ್ಲ.

ಅಬ್ಬಾಯ್ ನದಿಯ ತಂತಿ

ರಾಗಿಯ ತವರು ಇಥಿಯೋಪಿಯಾ ಅಂದೆನಲ್ಲ. 1993ರಲ್ಲಿ ಎರಿಟ್ರಿಯಾ ಬೇರೆಯಾದ ಮೇಲೆ ಅದಕ್ಕೂ ಸಮುದ್ರ ತಪ್ಪಿತು. ಈಗ ಅದರ ವ್ಯಾಪಾರದಲ್ಲಿ ಶೇ 90ಕ್ಕಿಂತ ಹೆಚ್ಚು ಪುಟ್ಟ ಜಿಬೂಟಿಯ ಬಂದರಿನ ಮೂಲಕವೇ ಆಗಬೇಕು. ಅಂಥ ದೇಶ ನೀಲಿ ನೈಲ್ ನದಿಗೆ, ಅವರ ಬಾಯಲ್ಲಿ ಅಬ್ಬಾಯ್, 2011ರಲ್ಲಿ ಅಣೆಕಟ್ಟು ಕಟ್ಟಲು ಶುರು ಮಾಡಿತು. ಜನ ತಮ್ಮ ಸಂಬಳದಿಂದ ಬಾಂಡ್ ಕೊಂಡು ಹಣ ಹೊಂದಿಸಿದರು. 2025ರ ಸೆಪ್ಟೆಂಬರ್ 9ರಂದು ಅದರ ಉದ್ಘಾಟನೆಯಾಯಿತು. ಸಾಮರ್ಥ್ಯ 5,150 ಮೆಗಾವ್ಯಾಟ್. ಆಫ್ರಿಕಾದಲ್ಲಿ ಇದಕ್ಕಿಂತ ದೊಡ್ಡ ಜಲವಿದ್ಯುತ್ ಕೇಂದ್ರವಿಲ್ಲ.

ಇಥಿಯೋಪಿಯಾದ ಕರೆಂಟು ಈಗಾಗಲೇ ಸುಮಾರು 1,000 ಕಿಲೋಮೀಟರ್ ಲೈನಿನಲ್ಲಿ ಕೆನ್ಯಾಕ್ಕೆ ಹೋಗುತ್ತಿದೆ. ದುಡ್ಡು ಕೊಟ್ಟು ಕೊಳ್ಳುವವರಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆಯ, ಅಂದರೆ ರಾಶಿ ಕಂಪ್ಯೂಟರ್ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವ, ಕಂಪನಿಗಳೂ ಇವೆ. ದೇಶಕ್ಕೆ ಡಾಲರ್ ಬೇಕು, ಡಾಲರ್ ಕೊಡುವವರಿಗೆ ಮಾರುತ್ತಾರೆ. ಮೈಸೂರು ಸಂಸ್ಥಾನ ಅಂದು ಚಿನ್ನದ ಗಣಿಗೆ ಮಾರಿದ ಲೆಕ್ಕವೂ ಹೀಗೆಯೇ ಇತ್ತು, ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಆ ದುಡ್ಡಿನಿಂದಲೇ ಮುಂದಿನದು ಕಟ್ಟಬೇಕು. ಆದರೆ ಇಥಿಯೋಪಿಯಾದ ಸುಮಾರು ಅರ್ಧದಷ್ಟು ಜನರ ಮನೆಗೆ ಇನ್ನೂ ಕರೆಂಟು ಬಂದಿಲ್ಲ.

ಮೇಲೆ ಹೋಗುವ ಲೈನಿಗೆ ಕೊಕ್ಕೆ ಹಾಕಿ ಬಲ್ಬು ಉರಿಸಲು ಆಗುವುದಿಲ್ಲ. ಲಕ್ಷಾಂತರ ವೋಲ್ಟನ್ನು ಇಳಿಸಲು ಸಬ್‌ಸ್ಟೇಷನ್ ಬೇಕು. ಅಲ್ಲಿಂದ ಕಂಬ, ಊರಿಗೊಂದು ಟ್ರಾನ್ಸ್‌ಫಾರ್ಮರ್, ಮನೆಗೆ ಮೀಟರು. ಹತ್ತು ಹದಿನೈದು ಮನೆಗಳು ಬೆಟ್ಟದ ಮೇಲೊಂದು ಕೆಳಗೊಂದು ಚದುರಿದ್ದರೆ ಮನೆಯೊಂದರ ಖರ್ಚು ನಗರದ ಮನೆಗಿಂತ ಹಲವು ಪಟ್ಟು. ಇಷ್ಟು ಮಾಡಿದ ಮೇಲೆ ಆ ಮನೆಯವರು ಒಂದೇ ಒಂದು ಬಲ್ಬು ಉರಿಸಿದರೆ ಬಿಲ್ಲಿನ ದುಡ್ಡಿನಲ್ಲಿ ಕಂಬದ ಖರ್ಚೂ ಹುಟ್ಟುವುದಿಲ್ಲ. ಕರೆಂಟಿನಿಂದ ದುಡಿಮೆ ಹುಟ್ಟಬೇಕು. ಪಂಪು, ವೆಲ್ಡಿಂಗ್ ಅಂಗಡಿ, ಹಾಲು ತಣ್ಣಗಿಡುವ ಯಂತ್ರ, ಯಾವುದಾದರೂ. ಆಗ ಬಿಲ್ಲು ಕಟ್ಟುವ ಶಕ್ತಿಯೂ ಬರುತ್ತದೆ, ಮುಂದಿನ ಊರಿಗೆ ಕಂಬ ಹೋಗುವ ದಾರಿಯೂ ಆಗುತ್ತದೆ.

ಇಥಿಯೋಪಿಯಾದ ಎತ್ತರದ ಸೀಮೆಯಲ್ಲಿ ರಾಗಿಗೆ ದಗುಸಾ ಅನ್ನುತ್ತಾರೆ. ಬೀಸಿ, ಹಿಟ್ಟು ಹುದುಗಿಸಿ ರೊಟ್ಟಿ ಮಾಡುತ್ತಾರೆ. ಕರೆಂಟು ಇಲ್ಲದ ಊರಿನಲ್ಲಿ ಹೆಂಗಸರು ಅದನ್ನು ಕಲ್ಲಿನಲ್ಲೇ ಅರೆಯಬೇಕು, ಇಲ್ಲವೇ ತಲೆಯ ಮೇಲೆ ಹೊತ್ತು ದೂರದ ಡೀಸೆಲ್ ಗಿರಣಿಗೆ ನಡೆಯಬೇಕು. ಅಲ್ಲಿನ ಊರೊಂದಕ್ಕೆ ಲೈನಿನಿಂದ ಒಂದು ಟ್ರಾನ್ಸ್‌ಫಾರ್ಮರ್ ಇಳಿದರೆ, ಮೊದಲು ಹಾಕಬೇಕಾದದ್ದು ಬೀದಿದೀಪವೋ ಹಿಟ್ಟಿನ ಗಿರಣಿಯೋ ಅಂತ ಅಲ್ಲಿನ ಹೆಂಗಸರನ್ನು ಕೇಳಲಿ.